ಮೇಯರ್ ಸಾಹೇಬರೂ ನನ್ನ ಹೆಂಡತಿಯೂ

ಸತ್ತು ನೂರು ವರ್ಷ ದಾಟಿದ ಮನುಷ್ಯನ ಮೇಲೆ ಹೊಟ್ಟೆಕಿಚ್ಚುಪಡುವ ಪ್ರಸಂಗ ನಮ್ಮ ಮನೆಯಲ್ಲಿ ವಾರಕ್ಕೊಂದಾದರೂ ಬರುತ್ತದೆ. ನಾವಿರುವುದು ಅಮೆರಿಕದ ಜರ್ಸಿ ಸಿಟಿಯಲ್ಲಿ. ನನ್ನ ಹೆಂಡತಿ ಪಕ್ಕದ ಊರಿನ ಇತಿಹಾಸ ಸಂಘಕ್ಕೆ ವಾಲಂಟಿಯರ್ ಆಗಿ ಸೇರಿದಳು. ಅಲ್ಲಿನ ಹಳೆಯ ಮೇಯರೊಬ್ಬನ ಜೀವನಚರಿತ್ರೆ ಬರೆಯುವ ಕೆಲಸ ಅವಳಿಗೆ ಬಂತು. ಹತ್ತೊಂಬತ್ತನೇ ಶತಮಾನದವನು, ದೋಣಿಯವರ ಪರ ವಾದಿಸಿ ಹೆಸರಾದ ವಕೀಲ, ಆಮೇಲೆ ಮೇಯರ್. ಫೋಟೋದಲ್ಲಿ ಗಡ್ಡ ಎದೆಯವರೆಗಿದೆ. ನನಗೆ ತಲೆಯ ಮೇಲೂ ಅಷ್ಟು ಕೂದಲಿಲ್ಲ.

೧. ಪತ್ರ

ಕೇಸಿಗೆಂದು ಪರವೂರಿಗೆ ಹೋದಾಗ ಅವನು ಹೆಂಡತಿಗೆ ದಿನಾ ಪತ್ರ ಬರೆಯುತ್ತಿದ್ದನಂತೆ. ಕೊನೆಯಲ್ಲಿ ‘ಎಂದೆಂದಿಗೂ ನಿನ್ನವನು’.

“ನೀವು ‘ಟ್ರೇನ್ ಲೇಟ್’ ಬಿಟ್ಟು ಇನ್ನೇನಾದ್ರೂ ಬರೆದಿದ್ದೀರಾ?” ಎಂದಳು ನನ್ನವಳು.

ಮಾರನೇ ದಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು, ‘ಟ್ರೇನ್ ಲೇಟ್. ಎಂದೆಂದಿಗೂ ನಿನ್ನವನು’ ಎಂದು ಇಂಗ್ಲಿಷಿನಲ್ಲಿ ಮೆಸೇಜ್ ಕಳಿಸಿದೆ. ಅದು ಹೋದದ್ದು ನನ್ನ ಮ್ಯಾನೇಜರಿಗೆ. ಗಂಭೀರ ಮನುಷ್ಯ. ಉತ್ತರ ಬಂತು: ‘ಪರವಾಗಿಲ್ಲ, ಮೀಟಿಂಗ್ ಮುಂದಕ್ಕೆ ಹಾಕಿದ್ದೇನೆ. ನನಗೆ ಮದುವೆಯಾಗಿದೆ.’

೨. ನೀರು

ಆ ಊರಿಗೆಲ್ಲ ಕುಡಿಯುವ ನೀರು ತಂದವನೂ ಅವನೇ ಎಂದು ಗೊತ್ತಾದ ದಿನ ಹೆಂಡತಿ ನಮ್ಮ ಅಡುಗೆಮನೆಯ ನಲ್ಲಿಯನ್ನೇ ನೋಡುತ್ತ ನಿಂತಳು. ಅದು ಮೂರು ವಾರದಿಂದ ತೊಟ್ಟಿಕ್ಕುತ್ತಿತ್ತು. ನನಗೆ ರೋಷ ಬಂತು. ಪ್ಲಂಬರ್ ಬೇಡವೆಂದು ನಾನೇ ಸ್ಪ್ಯಾನರ್ ಹಿಡಿದೆ. ನಲ್ಲಿ ಕೈಗೇ ಬಂತು, ನೀರು ಸೂರಿಗೆ ಹಾರಿತು. ಮೇನ್ ವಾಲ್ವ್ ಹುಡುಕುವಷ್ಟರಲ್ಲಿ ಕೆಳಗಿನ ಅಪಾರ್ಟ್‌ಮೆಂಟಿನವರು ಬಾಗಿಲು ತಟ್ಟಿದರು.

ಹೈಸ್ಕೂಲಿಗೆ ಹೋಗುವ ಮಗಳು ಇಂಗ್ಲಿಷಿನಲ್ಲಿ ಅಮ್ಮನಿಗೆ ಸಮಾಧಾನ ಹೇಳಿದಳು: ಅಪ್ಪನೂ ಶುರು ಮಾಡಿದ್ದಾರೆ, ಸದ್ಯಕ್ಕೆ ಎರಡು ಮನೆಗೆ ನೀರು ಬಂದಿದೆ.

೩. ಸಮಾಧಿ

ಮೇಯರನ ಹುಟ್ಟುಹಬ್ಬಕ್ಕೆ ಸಮಾಧಿಗೆ ಹೂವಿಡಬೇಕೆಂದಳು. ನಾನೇ ಡ್ರೈವ್ ಮಾಡಿದೆ. ಅವಳು ಹೂವು ಜೋಡಿಸುವಾಗ ನಾನು ಕಲ್ಲಿನ ಹಿಂಭಾಗಕ್ಕೆ ಹೋದೆ. ಅಲ್ಲಿ ಇಬ್ಬರು ಹೆಂಡತಿಯರ ಹೆಸರು, ಮದುವೆ-ಸಾವಿನ ತಾರೀಖುಗಳ ಸಮೇತ ಇತ್ತು; ಇವಳ ಜೀವನಚರಿತ್ರೆ ಇನ್ನೂ ಅಲ್ಲಿಯವರೆಗೆ ಬಂದಿರಲಿಲ್ಲ. ಮೊದಲನೆಯವಳು ತೀರಿಕೊಂಡು ಐದೇ ತಿಂಗಳಿಗೆ ಎರಡನೇ ಮದುವೆ. ಇಷ್ಟು ಸಂತೋಷ ನನಗೆ ಗ್ರೀನ್ ಕಾರ್ಡ್ ಬಂದಾಗಲೂ ಆಗಿರಲಿಲ್ಲ. ಕರೆದು ತೋರಿಸಿದೆ.

ವಾಪಸು ಬರುವಾಗ ಅವಳು ಮೇಯರನ ಹೆಸರೇ ಎತ್ತಲಿಲ್ಲ. ಗೆದ್ದೆ ಅಂದುಕೊಂಡೆ. ಮನೆ ಹತ್ತಿರ ಬಂದಾಗ ಮೆಲ್ಲಗೆ ಕೇಳಿದಳು: “ನಾನು ಹೋದರೆ ನೀವು?”

ಮೇಯರನನ್ನು ಪೂರ್ತಿ ಸೋಲಿಸಿಬಿಡುವ ಉತ್ಸಾಹದಲ್ಲಿ ನಾನು ಎದೆಯುಬ್ಬಿಸಿ ಹೇಳಿದೆ: “ಏನಿಲ್ಲ ಅಂದ್ರೂ ಎರಡು ವರ್ಷ ಕಾಯ್ತೀನಿ ಕಣೇ.”