ಮೀನಿಗೆ ವಾಸನೆ ಬಂತು

ತಿಂಡಿ ತಿಂದ ಕೈಯನ್ನು ಸಿದ್ದಲಿಂಗೇಶ ಗಾಜಿನ ತೊಟ್ಟಿಗೆ ಅದ್ದಿದ್ದೇ ತಡ, ಮರಿಮೀನುಗಳೆಲ್ಲ ಬೆರಳಿಗೆ ಮುತ್ತಿಕೊಂಡವು. ನಿನ್ನೆಯವರೆಗೆ ತಿರುಗಿಯೂ ನೋಡದ ಮರಿಗಳು! ಖುಷಿ ತಡೆಯಲಾರದೆ ಕಿಟಕಿಗೆ ಓಡಿ, ತನ್ನ ಪಿಎಚ್.ಡಿ. ಗೈಡಿಗೆ ಫೋನ್ ಹಚ್ಚಿ ಕೂಗಿದ:

"ಸರ್, ಮೀನಿಗೆ ವಾಸ್ನೆ ಬರಾಕತ್ತೇತ್ರಿ!"

ಕೆಳಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದ ಮನೆಯೊಡತಿ ನೀಲಗಂಗಮ್ಮನವರ ಕೈ ಹಣೆಯ ಮೇಲೇ ನಿಂತಿತು. 'ಮಾಂಸ ಇರ್ಲಿ, ತತ್ತಿನೂ ಮುಟ್ಟಂಗಿಲ್ರಿ' ಎಂದು ಆಣೆ ಮಾಡಿದ ಮೇಲೆಯೇ ಅವರು ಈ ಹುಡುಗನಿಗೆ ಮಹಡಿ ಕೋಣೆ ಕೊಟ್ಟದ್ದು. ಓದಿಗೆಂದು ಮೀನು ಸಾಕುವುದಕ್ಕೂ ಒಪ್ಪಿದ್ದರು. ಈಗ ಮೀನು ನಾರುತ್ತಿದೆಯೇ?

ಟಿ.ಬಿ. ಡ್ಯಾಂನ ಆ ಓಣಿಯಲ್ಲಿ ಸುದ್ದಿಗೆ ಕಾಲು ಬೇಕಿಲ್ಲ. ಪಕ್ಕದ ಮನೆಯ ತಿಪ್ಪಕ್ಕ ಮೂಗಿಗೆ ಸೆರಗು ಹಿಡಿದೇ ಬಂದಳು.

"ನನಗ ಎಂಟು ದಿನದಿಂದ ಹೊಡ್ಯಾಕತ್ತೇತ್ರಿ. ಹೆಂಗ ಹೇಳೂದಂತ ಸುಮ್ಕಿದ್ದೆ!"

"ಸಂಜಿ ಒಳಗ ಖಾಲಿ ಮಾಡಪ್ಪ," ಎಂದರು ನೀಲಗಂಗಮ್ಮ.

ಕೂಗು ಕೇಳಿ ಸಿದ್ದಲಿಂಗೇಶ ಕೆಳಗೆ ಓಡಿಬಂದ. ತೊಟ್ಟಿ ಅಲುಗಿದರೆ ಮರಿಗಳು ಉಳಿಯುವುದಿಲ್ಲ, ಮರಿಗಳಿಲ್ಲದಿದ್ದರೆ ಪಿಎಚ್.ಡಿ. ಇಲ್ಲ. ಏನಾದರಾಗಲಿ, ಬಿಡಬಾರದು ಎಂದು ಇಬ್ಬರನ್ನೂ ಮಹಡಿಗೆ ಕರೆದೊಯ್ದ.

"ಮೂಸಿ ನೋಡ್ರಿ ಅಮ್ಮಾರ, ಏನರ ನಾರತೈತೇನು? ಮೀನು ನಾರಾಕತ್ತಿಲ್ರಿ, ಮೀನಿಗೆ ವಾಸ್ನೆ ತಿಳ್ಯಾಕತ್ತೇತಿ! ಇವು ಸಮುದ್ರದ ಹವಳದ ದಿಬ್ಬದ ಮೀನು. ಮರಿ ಇದ್ದಾಗ ಮೂಗು ಅಂದ್ರ ಬರೇ ಒಂದು ಸಣ್ಣ ತೆಗ್ಗು, ಕುಣಿ. ಆಮ್ಯಾಲೆ ಆ ಕುಣಿ ಮ್ಯಾಲೆ ಚರ್ಮದ ಸೇತುವಿ ಬೆಳದು ಎರಡು ತೂತಾಗ್ತಾವ. ಮುಂದಿಂದ್ರಾಗ ನೀರು ಒಳಗ, ಹಿಂದಿಂದ್ರಾಗ ಹೊರಗ. ಅದರ ಮ್ಯಾಲೆ ವಾಸ್ನೆ ಹಿಡದು ತಮ್ಮ ಮನಿ ಹುಡುಕ್ಕೊಂತಾವ."

"ಡ್ಯಾಂ ಗೇಟ್ ಇದ್ದಂಗ," ಎಂದಳು ತಿಪ್ಪಕ್ಕ. "ಖರೇನ ಅಂತ ತೋರ್ಸು ಮತ್ತ."

ಅವಳೇ ಬೆರಳದ್ದಿದಳು. ಮೀನು ಕದಲಲಿಲ್ಲ. ನೀಲಗಂಗಮ್ಮ ಅದ್ದಿದರು. ಮೀನಿಗೆ ಅವರ ಬೆರಳೂ ಬೇಡವಾಯಿತು. ಸಿದ್ದಲಿಂಗೇಶ ಅದ್ದಿದ, ಮರಿಗಳು ಮದುವೆ ಪಂಕ್ತಿಗೆ ನುಗ್ಗಿದಂತೆ ನುಗ್ಗಿದವು.

"ಶಿವನ, ಎಂಥ ಮೂಗಪ್ಪ!" ನೀಲಗಂಗಮ್ಮನವರ ಸಿಟ್ಟೆಲ್ಲ ಇಳಿದುಹೋಯಿತು. "ಯಾವ ವಾಸ್ನೆಗೆ ಹಿಂಗ ಓಡಿ ಬರ್ತಾವು?"

ಗೆದ್ದ ಹುಮ್ಮಸ್ಸಿನಲ್ಲಿ ಸಿದ್ದಲಿಂಗೇಶ ಹೇಳಿಯೇಬಿಟ್ಟ. "ತತ್ತಿ ವಾಸ್ನೆಗೆ ಮಾತ್ರ ರೀ! ಇವನ್ನ ತಂದ ಊರಾಗ ತತ್ತಿ ಹಳದಿ ತಿಂದು ಬೆಳದಾವು. ನಿಮ್ಮ ಮನ್ಯಾಗ ತತ್ತಿ ತರಂಗಿಲ್ಲಂತ ಇಲ್ಲಿ ಬರೇ ಪುಡಿ ಹಾಕ್ತೀನಿ."

ನೀಲಗಂಗಮ್ಮನವರ ಕಣ್ಣು ಅವನ ಬೆರಳಿಗೆ ಹೋಯಿತು. ಮೀನುಗಳು ಇನ್ನೂ ಅದನ್ನು ಬಿಟ್ಟಿರಲಿಲ್ಲ.

"ಹಂಗಾರ ನಿನ್ನ ಕೈಗ್ಯಾಕ ಬಂದ್ವಪ್ಪಾ?"

"ಕೈ... ತೊಳ್ಕೊಂಡಿದ್ನೆಲ್ರಿ," ಎಂದ ಸಿದ್ದಲಿಂಗೇಶ. ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಗಾಡಿಯಲ್ಲಿ ಆಮ್ಲೆಟ್ ತಿಂದ ಆ ಕೈಯನ್ನು ಬೆನ್ನ ಹಿಂದೆ ಅಡಗಿಸಿದ.

ನೀಲಗಂಗಮ್ಮ ತೊಟ್ಟಿಯನ್ನು ಪ್ರೀತಿಯಿಂದ ಸವರಿದರು. "ಮೀನು ಇಲ್ಲೇ ಇರ್ಲಿ, ಪಾಪ, ಸುಳ್ಳು ಹೇಳಂಗಿಲ್ಲ ಅವು. ಪುಡಿ ನಾ ಹಾಕ್ತೀನಿ. ನೀ ಖಾಲಿ ಮಾಡು."

ಸಂಜೆ ಹಾಸಿಗೆ ಸುರುಳಿಯ ಮೇಲೆ ಕುಳಿತು ಸಿದ್ದಲಿಂಗೇಶ ಗೈಡಿಗೆ ಮತ್ತೆ ಫೋನ್ ಹಚ್ಚಿದ.

"ಸರ್, ಮರಿಗೋಳು ಮೂಗಿನ ಮ್ಯಾಲೆ ಮನಿ ಹಿಡದ್ವುರಿ. ನಿಮ್ಮ ಮನ್ಯಾಗ ಒಂದು ರೂಮ್ ಖಾಲಿ ಐತೇನ್ರಿ?"