ಬಿಟ್ಟಿ ಟಿಕೆಟ್ಟೂ ಹೊರಗಿನ ಬೆಂಚೂ

"ಟಿಕೆಟ್ಟಿಗೆ ಬೆಲೆ ಕಟ್ಟಿ ಹುಡುಗರನ್ನು ಬಾಗಿಲಲ್ಲೇ ತಡೆಯುವ ನಾಟಕಮಂದಿರದವರೇ, ನಿಮಗೆ ನಾಚಿಕೆಯಿದೆಯೇ?" ಎಂದು ನನ್ನ ಅಂಕಣದಲ್ಲಿ ಗುಡುಗಿದ್ದೆ. ನನ್ನ ಗ್ರಹಚಾರ, ಅವರಿಗೆ ನಾಚಿಕೆಯಿತ್ತು. ಮರುವಾರವೇ ಇಪ್ಪತ್ತೈದರೊಳಗಿನವರಿಗೆಲ್ಲ ಪ್ರವೇಶ ಉಚಿತ ಎಂದು ಬೋರ್ಡು ಹಾಕಿದರು. ಒಂದು ನರಪಿಳ್ಳೆಯೂ ಬರಲಿಲ್ಲ.

ಮ್ಯಾನೇಜರು ಫೋನ್ ಮಾಡಿದರು. "ಸಾರ್, ಶನಿವಾರನೂ ಯಾರೂ ಬರ್ಲಿಲ್ಲ ಅಂದ್ರೆ ಇದನ್ನ ನಿಲ್ಲಿಸ್ತೀವಿ. ನಿಮ್ಮನೇಲೂ ಕಾಲೇಜಿಗೆ ಹೋಗೋ ಮಗಳಿದ್ದಾಳಲ್ವಾ?"

ಮಗಳು ಸೋಫಾದಲ್ಲಿ ಮೊಬೈಲಿನೊಳಗೆ ಮುಳುಗಿದ್ದಳು.

"ಶನಿವಾರ ನಾಟಕಕ್ಕೆ ಹೋಗೋಣ. ಬಿಟ್ಟಿ ಕಣೇ!"

"ಬಿಟ್ಟಿ ಅಂತ ಹಲ್ಲು ಕೀಳಿಸ್ಕೊಳ್ಳೋಕಾಗುತ್ತಾ?"

ಅಡುಗೆಮನೆಯಿಂದ ಹೆಂಡತಿಯ ಅಶರೀರವಾಣಿ: "ಹೋಗ್ಬಾರೇ, ಪಾಪ. ನಿಮ್ಮಪ್ಪನ ಮರ್ಯಾದೆ ಪ್ರಶ್ನೆ. ಇರೋದೇ ಅಷ್ಟು."

ಐವರು ಗೆಳತಿಯರ ಸಮೇತ ಬರಲು ಮಗಳು ಒಪ್ಪಿದಳು. ಷರತ್ತು ಒಂದೇ: "ನೀನು ಬಾಯಿ ಬಿಡ್ಬಾರ್ದು."

ಪರದೆ ಎದ್ದಿತು. ಒಬ್ಬ ಮುದುಕಿ ಖಾಲಿ ಕುರ್ಚಿಯನ್ನು ಒರೆಸತೊಡಗಿದಳು. ಮಾತಿಲ್ಲ, ಕತೆಯಿಲ್ಲ. ಈ ಮಕ್ಕಳಿಗೆ ಏನು ಅರ್ಥವಾದೀತು? ನನ್ನ ಸಾಮಾಜಿಕ ಪ್ರಜ್ಞೆ ಸುಮ್ಮನಿರಗೊಡಲಿಲ್ಲ.

"ಕುರ್ಚಿ ಅಂದ್ರೆ ಗಂಡ. ಸತ್ತೋಗಿದಾನೆ" ಎಂದು ಪಿಸುಗುಟ್ಟಿದೆ.

"ಅಪ್ಪಾ!"

"ಒರೆಸೋದು ಅಂದ್ರೆ ನೆನಪು..." (ನನ್ನ ಪಿಸುಮಾತಿಗೆ ಪಕ್ಕದ ಮನೆಯ ನಾಯಿ ಎದ್ದು ಕೂರುತ್ತದೆ ಎಂಬುದು ಹೆಂಡತಿಯ ಅಪಪ್ರಚಾರ.)

ಮುದುಕಿ ಬಟ್ಟೆ ಕೆಳಗಿಟ್ಟು ನೇರ ನಮ್ಮ ಸಾಲಿನತ್ತ ನೋಡಿದಳು. "ಯಜಮಾನ್ರೇ, ಗಂಡ ಸತ್ತಿಲ್ಲ. ಬಚ್ಚಲಲ್ಲಿದಾನೆ. ನೀವು ಸುಮ್ನಾದ್ರೆ ಬರ್ತಾನೆ."

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಮ್ಯಾನೇಜರು ಪರಮ ಗೌರವದಿಂದ ನನ್ನ ತೋಳು ಹಿಡಿದು ಹೊರಗಿನ ಬೆಂಚಿನ ಮೇಲೆ ಪ್ರತಿಷ್ಠಾಪಿಸಿದರು. ಹುಡುಗರಿಗೆ ಸುಮ್ಮನೆ ಕೂತು ನೋಡುವ ಸಂಸ್ಕಾರವಿಲ್ಲವೆಂದು ಅದೇ ಅಂಕಣದಲ್ಲಿ ಹಿಂದೊಮ್ಮೆ ಬರೆದವನೂ ನಾನೇ. ಬಾಗಿಲಾಚೆಯಿಂದ ಮೊದಲು ನಗು ಕೇಳಿಸಿತು. ಕೊನೆಕೊನೆಗೆ ಒಂದು ಕೆಮ್ಮೂ ಕೇಳಿಸಲಿಲ್ಲ.

ಆರೂ ಹುಡುಗಿಯರು ಕಣ್ಣು ಕೆಂಪಗೆ ಮಾಡಿಕೊಂಡು ಬಂದರು.

"ಕೊನೇಲಿ ಏನಾಯ್ತೇ?"

"ಹೇಳಿದ್ರೆ ಅರ್ಥ ಆಗಲ್ಲಪ್ಪ, ನೋಡ್ಬೇಕು. ನಾಳೆ ಅಮ್ಮನ್ನ ಕರ್ಕೊಂಡು ಬರ್ತೀನಿ."

ಮರುದಿನ ಅಮ್ಮ-ಮಗಳ ಹಿಂದೆ ನಾನೂ ಹೋದೆ. ನಾಟಕಕ್ಕೆ ಕಾಲೇಜಿಗೆ ಕಾಲೇಜೇ ಬಂದಿತ್ತು. ಬೋರ್ಡಿನಲ್ಲಿ ಹೊಸ ಸಾಲೊಂದು ಸೇರಿತ್ತು: "ವಿವರಿಸುವ ತಂದೆಯಂದಿರು ಹೊರಗೆ ಕೂರತಕ್ಕದ್ದು." ಬೆಂಚಿನ ಮೇಲೆ ಆಗಲೇ ಇಬ್ಬರು ಅಪ್ಪಂದಿರು ಮುಖ ಸಣ್ಣಗೆ ಮಾಡಿಕೊಂಡು ಕೂತಿದ್ದರು. ಪಾಪ ಅನ್ನಿಸಿತು. "ನೋಡಿ, ಈ ನಾಟಕದಲ್ಲಿ ಕುರ್ಚಿ ಅಂದ್ರೆ..." ಎಂದು ಶುರುಮಾಡಿದೆ.

ಬಾಗಿಲ ಸಂದಿಯಿಂದ "ಶ್ಶ್!" ಎಂದು ಕೇಳಿಸಿತು.

ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವನಿಗೆ ಆ ಶ್ಶ್ ಯಾರದೆಂದು ಯಾರೂ ವಿವರಿಸಬೇಕಾಗಿರಲಿಲ್ಲ.