ನಾಯಕರು ಬಾಯಿ ಬಿಟ್ಟರೆ ನಮಗೆ ಕೆಲಸ

ಹೆಂಗಸರ ಬಗ್ಗೆ ಏನಾದರೊಂದು ಮಾತಾಡದೆ ಹದಿನೈದು ದಿನ ಕಳೆಯುವುದು ನಮ್ಮ ನಾಯಕರಿಗೆ ಕಷ್ಟ. ಒಬ್ಬರು ಸುಮ್ಮನಾದರು ಅನ್ನುವಷ್ಟರಲ್ಲಿ ಇನ್ನೊಬ್ಬರು ಶುರು ಮಾಡಿರುತ್ತಾರೆ. ಇದರಲ್ಲಿ ಪಕ್ಷಭೇದ ಇಲ್ಲ, ಎಲ್ಲರದೂ ಒಮ್ಮತ. ಟಿವಿಯವರು ಅದನ್ನು ದಿನವಿಡೀ ತೋರಿಸುತ್ತಾರೆ, ಸಂಘಟನೆಯವರು ಖಂಡಿಸುತ್ತಾರೆ, ನಾಯಕರು ತಾವು ಹಾಗೆ ಹೇಳೇ ಇಲ್ಲ ಅನ್ನುತ್ತಾರೆ. ಇಷ್ಟರ ನಡುವೆ ರಾಮಕೃಷ್ಣನಗರದ ಒಂದು ಹಿಟ್ಟಿನ ಗಿರಣಿಯ ಮಹಡಿಯಲ್ಲಿ ಕೂತು ನಾನು ಅದಕ್ಕೊಂದು ಜಾಹೀರಾತು ಬರೆಯುತ್ತಿರುತ್ತೇನೆ.

ನಮ್ಮದು ನಾಲ್ಕು ಕುರ್ಚಿಯ ಜಾಹೀರಾತು ಆಫೀಸು. ಯಜಮಾನರು, ನಾನು, ಡಿಸೈನ್ ಮಾಡುವ ಹುಡುಗಿ, ನಾಲ್ಕನೆಯದು ಗಿರಾಕಿಗೆ. ನಾನು ಸೇರಿದ್ದು ಟೈಪ್ ಮಾಡುವುದಕ್ಕೆ. ಒಂದು ದಿನ ಯಜಮಾನರು ಬರೆದಿದ್ದ ಹಪ್ಪಳದ ಜಾಹೀರಾತನ್ನು ಟೈಪ್ ಮಾಡುವಾಗ ತಡೆಯಲಾರದೆ ಒಂದು ಸಾಲು ತಿದ್ದಿಬಿಟ್ಟೆ. ಕೆಲಸ ಹೋಯಿತು ಅಂದುಕೊಂಡೆ. ಅವರು ಓದಿ, ಪೆನ್ನನ್ನು ನನ್ನ ಕಡೆ ತಳ್ಳಿ, ಇನ್ನು ಮೇಲೆ ಬರೆಯೋದು ನೀವು, ಕಾಫಿ ಮಾಡೋದು ನಾನು ಅಂದರು. ಇವತ್ತಿನವರೆಗೂ ಮಾತಿಗೆ ತಪ್ಪಿಲ್ಲ.

ಜೆಂಟ್ಸ್ ಕುಕ್ಕರ್

ನಾಯಕರ ಮಾತಿಗೆ ಜಾಹೀರಾತಿನಲ್ಲಿ ಉತ್ತರ ಕೊಡುವ ಚಾಳಿ ಶುರುವಾದದ್ದು ಕೆಸರೆಯ ಒಂದು ಪಾತ್ರೆ ಅಂಗಡಿಯಿಂದ. ಅಂಗಡಿಯವರು ನಂಜನಗೂಡು ಕಡೆಯ ಹಳ್ಳಿಯವರು. ಮೊದಲು ಬೀದಿ ಬೀದಿ ಸುತ್ತಿ ಪಾತ್ರೆ ಮಾರಿ, ಆಮೇಲೆ ಅಂಗಡಿ ಇಟ್ಟವರು. ಗಲ್ಲಾದ ಹಿಂದೆ ಬುದ್ಧನ ಪಟ, ಮುಂದೆ ಹೆಚ್ಚುಕಡಿಮೆ ಅಷ್ಟೇ ಶಾಂತವಾಗಿ ಕೂತ ಇವರು. ಅವತ್ತು ಮಾತ್ರ ಶಾಂತಿ ಕದಡಿತ್ತು. ಯಾರೋ ನಾಯಕರು ಹೆಂಗಸರಿಗೆ ರಾಜಕೀಯ ಯಾಕೆ, ಅಡುಗೆಮನೆ ನೋಡಿಕೊಂಡಿರಲಿ ಅಂದಿದ್ದರು. ಇವರ ಮಗಳು ವಾರ್ಡಿನ ಚುನಾವಣೆಗೆ ನಿಲ್ಲಬೇಕೆಂದು ಆಗಷ್ಟೇ ಮನೆಮನೆ ಓಡಾಡಲು ಶುರು ಮಾಡಿದ್ದಳು.

"ಅಂಗಡೀಲಿ ಕುಕ್ಕರ್ ನೋಡಿದಾಗೆಲ್ಲ ಆ ಮಾತೇ ನೆನಪಾಗ್ತದೆ ಕಣಮ್ಮ. ಏನಾದ್ರೂ ಬರ್ಕೊಡಿ" ಅಂದರು.

ನಾನು ಬರೆದುಕೊಟ್ಟೆ: 'ನಮ್ಮ ಕುಕ್ಕರ್ ಗಂಡಸರು ಇಟ್ಟರೂ ಕೂಗುತ್ತದೆ. ನಾಯಕರೇ, ಒಮ್ಮೆ ಇಟ್ಟು ನೋಡಿ.'

ಅಂಗಡಿಯ ಮುಂದೆ ಫ್ಲೆಕ್ಸ್ ಕಟ್ಟಿದರು. ಜನ ಫೋಟೋ ತೆಗೆದು ಒಬ್ಬರಿಂದೊಬ್ಬರಿಗೆ ಕಳಿಸಿ, ಮೂರು ದಿನದಲ್ಲಿ ಅದು ಊರೆಲ್ಲ ಸುತ್ತಿ ಬಂತು. ನಾಲ್ಕನೇ ದಿನ ಕೈಚೀಲ ಹಿಡಿದ ಒಬ್ಬ ರಿಟೈರ್ಡ್ ಮೇಷ್ಟ್ರು ಅಂಗಡಿಗೆ ಬಂದು, ಮನೆಯವಳು ಕಳಿಸಿದ್ದಾಳೆ, ಆ ಗಂಡಸರ ಕುಕ್ಕರ್ ಒಂದು ಕೊಡಿ ಅಂದರಂತೆ. ಅಂಗಡಿಯವರು ಎಲ್ಲಾ ಕುಕ್ಕರೂ ಒಂದೇ ಅಂತ ತಿಳಿಸಿ ಹೇಳಿದರು. ಮೇಷ್ಟ್ರು ಒಪ್ಪಲಿಲ್ಲ.

"ಇಲ್ಲ ಕಣ್ರೀ, ನಮ್ಮ ಮನೇಲಿರೋದು ಲೇಡೀಸ್ದು. ನಾನು ಇಟ್ರೆ ತಳ ಹಿಡೀತದೆ."

ಅಂಗಡಿಯವರು ಒಂದು ಕ್ಷಣ ಯೋಚಿಸಿ, ಮೇಲಿನ ಅಟ್ಟಣಿಗೆಯಿಂದ ಕಪ್ಪು ಹಿಡಿಯದ್ದೊಂದು ಇಳಿಸಿ, ತಗೊಳ್ಳಿ, ಇದು ಜೆಂಟ್ಸು ಅಂದರು. ಒಂದು ವಾರ ಬಿಟ್ಟು ನನಗೆ ಫೋನ್ ಬಂತು. ಅವರ ಧ್ವನಿಯಲ್ಲಿ ನಿಜವಾದ ಚಿಂತೆ ಇತ್ತು.

"ಅಮ್ಮ, ಜೆಂಟ್ಸ್ ಎಲ್ಲಾ ಖಾಲಿಯಾಯ್ತು. ಈಗ ಲೇಡೀಸ್ ಕುಕ್ಕರ್ ಯಾರೂ ಕೇಳ್ತಾನೇ ಇಲ್ಲ."

ನಿಮ್ಮ ಮನೆಯವರನ್ನು ಕರೀರಿ

ಆ ಫ್ಲೆಕ್ಸ್ ನಾಯಕರ ಕಡೆಯವರ ಕಣ್ಣಿಗೂ ಬಿತ್ತು. ಒಂದು ಮಧ್ಯಾಹ್ನ ಐದು ಜನ ಹೆಗಲಿಗೆ ಶಾಲು ಹಾಕಿಕೊಂಡು ನಮ್ಮ ಮೆಟ್ಟಿಲು ಹತ್ತಿದರು. ಇರುವುದು ಒಂದೇ ಖಾಲಿ ಕುರ್ಚಿ. ಯಾರು ಕೂರಬೇಕು ಅನ್ನುವುದು ತೀರ್ಮಾನವಾಗದೆ ಐವರೂ ನಿಂತೇ ಇದ್ದರು. ಇದನ್ನು ಬರೆದವರು ಯಾರು ಅಂತ ಕೇಳಿದರು. ಯಜಮಾನರು ಗಂಟಲು ಸರಿಮಾಡಿಕೊಂಡು, ಬರೆಸಿದ್ದು ಆಫೀಸು, ಜವಾಬ್ದಾರಿ ನನ್ನದು ಅಂತ ಶುರು ಮಾಡಿದರು. ಅವರನ್ನು ಒಬ್ಬರನ್ನೇ ಸಿಕ್ಕಿಹಾಕಿಸುವುದು ನನಗೆ ಸರಿ ಕಾಣಲಿಲ್ಲ. ನಾನೇ ಬರೆದದ್ದು ಅಂದೆ.

ಐವರೂ ಮುಖ ಮುಖ ನೋಡಿಕೊಂಡರು. ಗಂಡಸೊಬ್ಬನನ್ನು ಎದುರಿಸಲು ತಯಾರಾಗಿ ಬಂದಿದ್ದರೇ ಹೊರತು ಇದಕ್ಕಲ್ಲ. ಕೊನೆಗೆ ಮುಂದಾಳು ಅನ್ನಿಸಿದವರು, ನಾವು ಹೆಂಗಸರ ಹತ್ತಿರ ಜಗಳ ಆಡೋ ಜನ ಅಲ್ಲ, ನಿಮ್ಮ ಮನೆಯವರನ್ನು ಕರೀರಿ, ಅವರ ಹತ್ರ ಮಾತಾಡ್ತೀವಿ ಅಂದರು.

ಕರೆದೆ. ನನ್ನ ಗಂಡ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವವರು. ಜೋರಾಗಿ ಮಾತಾಡಿ ಅಭ್ಯಾಸವಿಲ್ಲ. ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ. ಮುಂದಾಳು ಹತ್ತು ನಿಮಿಷ ಮಾತಾಡಿದರು. ಸಂಸ್ಕೃತಿ ಬಂತು, ಸಂಪ್ರದಾಯ ಬಂತು, ಮನೆಯ ಹೆಂಗಸರನ್ನು ಹತೋಟಿಯಲ್ಲಿಡುವ ವಿಷಯವೂ ಬಂತು. ಎಲ್ಲ ಮುಗಿದ ಮೇಲೆ ನನ್ನ ಗಂಡ ಲೈಬ್ರರಿಯ ಅದೇ ಮೆಲುದನಿಯಲ್ಲಿ ಹೇಳಿದರು:

"ನೀವು ಐದು ಜನ ಇದ್ದೀರಂತೆ. ನಾನು ಒಬ್ಬನೇ ಇಪ್ಪತ್ತು ವರ್ಷದಿಂದ ಹೇಳ್ತಾ ಇದ್ದೀನಿ. ನಿಮ್ಮ ಮಾತು ಅವಳು ಏನಾದ್ರೂ ಕೇಳಿದ್ರೆ ದಯವಿಟ್ಟು ನನಗೂ ತಿಳಿಸಿ."

ಅದುವರೆಗೂ ಬಿರುಸಾಗಿದ್ದ ಮುಂದಾಳು ಫೋನಿನ ಕಡೆಗೆ ತಲೆಯಾಡಿಸಿ, "ಎಲ್ರ ಮನೇಲೂ ಇದೇ ಬುಡಿ ಸಾರ್" ಅಂದು ಖಾಲಿ ಕುರ್ಚಿಯಲ್ಲಿ ಕೂತುಬಿಟ್ಟರು.

ಅಡ್ಡ ಬಂದದ್ದು

ಆಮೇಲಿನದು ರಾಜೀವನಗರದ ಪ್ರಸಂಗ. ಅಲ್ಲೊಬ್ಬ ಹೆಂಗಸು ಹೆಂಗಸರಿಗೇ ಸ್ಕೂಟರ್ ಕಲಿಸುತ್ತಾರೆ. ನಲವತ್ತು ದಾಟಿದ ಮೇಲೆ ತಾವೇ ಬಿದ್ದು ಎದ್ದು ಕಲಿತವರು. ಹಾಗಾಗಿ ಶಿಷ್ಯೆಯರು ಬಿದ್ದರೆ ಬೈಯುವುದಿಲ್ಲ, ಎಲ್ಲಿ ತರಚಿತು ಅಂತ ನೋಡುತ್ತಾರೆ. ಒಬ್ಬ ನಾಯಕರು ಒಂದು ಸಭೆಯಲ್ಲಿ, ಹೆಣ್ಣುಮಕ್ಕಳು ಗಾಡಿ ಓಡಿಸೋಕೆ ಶುರು ಮಾಡಿದ ಮೇಲೆ ರಸ್ತೆಗೆ ಇಳಿಯೋಕೇ ಭಯ, ಮೊನ್ನೆ ನನ್ನ ಕಾರಿಗೇ ಒಬ್ಬಳು ಅಡ್ಡ ಬಂದು ಬಂಪರ್ ಹೋಯಿತು ಅಂದಿದ್ದರು. ಮಾರನೇ ದಿನವೇ ಇಬ್ಬರು ಶಿಷ್ಯೆಯರನ್ನು ಮನೆಯವರು ಬಿಡಿಸಿದರಂತೆ. ಕಲಿಸುವಾಕೆ ನಮ್ಮಲ್ಲಿಗೆ ಬಂದು ಕೂತಾಗ ಕಣ್ಣು ತೇವವಾಗಿತ್ತು. ಮೈ ತರಚಿದರೆ ವಾಸಿಯಾಗುತ್ತೆ, ಇದಕ್ಕೇನು ಮಾಡಲಿ ಅಂದರು.

ನಾನು ಬರೆದೆ: 'ಸಾಹೇಬರೇ, ಹಿಂದಿನ ಸೀಟಿನಿಂದ ರಸ್ತೆ ಹಾಗೇ ಕಾಣುತ್ತದೆ. ಮುಂದೆ ಬನ್ನಿ, ಕಲಿಸುತ್ತೇವೆ.'

ಫ್ಲೆಕ್ಸ್ ಕಟ್ಟಿದ ವಾರದಲ್ಲಿ ಬಿಟ್ಟುಹೋದ ಇಬ್ಬರೂ ವಾಪಸ್ ಬಂದರು, ಜೊತೆಗೆ ಇನ್ನಷ್ಟು ಜನ. ಆ ಸಂತೋಷದಲ್ಲಿ ಅವರು ನನ್ನನ್ನು ಕರೆಸಿಕೊಂಡಿದ್ದ ದಿನವೇ ಬಿಳಿ ಅಂಗಿ ತೊಟ್ಟ ಒಬ್ಬ ಗಂಡಸು ಹೆಂಡತಿಯನ್ನು ಕರಕೊಂಡು ಬಂದ. ಹೆಂಡತಿಗೆ ಗಾಡಿ ಕಲಿಸಬೇಕು, ಆದರೆ ವಿಷಯ ಸಾಹೇಬರ ಕಿವಿಗೆ ಬೀಳಬಾರದು ಅಂದ. ಯಾವ ಸಾಹೇಬರು ಅಂತ ಕೇಳಿದೆವು. ಫ್ಲೆಕ್ಸಿನ ಕಡೆ ಕೈ ತೋರಿಸಿ, ಆ ನಾಯಕರ ಕಾರಿಗೆ ತಾನೇ ಡ್ರೈವರು ಅಂದ.

ಕಲಿಸುವಾಕೆ ಅವನನ್ನು ಅಲ್ಲೇ ನಿಲ್ಲಿಸಿಕೊಂಡು, ಅವತ್ತು ಅಡ್ಡ ಬಂದ ಹೆಣ್ಣುಮಗಳು ಯಾರು, ಅವಳಿಗೆ ಪೆಟ್ಟಾಯಿತಾ ಅಂತ ವಿಚಾರಿಸಿದರು. ಅವನು ಹೆಂಡತಿಯ ಮುಖ ನೋಡಿದ, ನೆಲ ನೋಡಿದ. ಹೆಂಡತಿ, ಹೇಳ್ಬುಡು ಅಂದಳು. ಸಾಹೇಬರು ಹಿಂದೆ ನಿದ್ದೆ ಹೊಡೆಯುತ್ತಿದ್ದರಂತೆ. ಎದ್ದು ಏನಾಯಿತು ಅಂದಾಗ ಇವನಿಗೆ ಭಯವಾಗಿ, ಯಾರೋ ಹೆಂಗಸು ಅಡ್ಡ ಬಂದಳು ಅಂದುಬಿಟ್ಟನಂತೆ. ನಿಜವಾಗಿ ಅಡ್ಡ ಬಂದದ್ದು ಒಂದು ಎಮ್ಮೆ.

ಎಮ್ಮೆಯಾ ಅಂತ ನಾವಿಬ್ಬರೂ ಒಟ್ಟಿಗೇ ಕೇಳಿದ್ದಕ್ಕೆ ಅವನಿಗೆ ಇರುಸುಮುರುಸಾಯಿತು.

"ಪೂರ್ತಿ ಸುಳ್ಳೇನಲ್ಲ ಅಮ್ಮ. ಎಮ್ಮೆನೂ ಹೆಣ್ಣೇ ಅಲ್ವಾ."

ಗೌರವದ ವಿಷಯ

ನಾಯಕರನ್ನು ಅಣಕಿಸಲು ಬರುವ ಗಿರಾಕಿಗಳೆಲ್ಲ ನಾಯಕರಿಗಿಂತ ಬೇರೆಯಾಗಿರುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಆ ಭ್ರಮೆ ಬಿಡಿಸಿದವರು ದೊಡ್ಡದೊಂದು ಸೀರೆ ಅಂಗಡಿಯ ಮಾಲೀಕರು. ಸೀರೆ ಉಟ್ಟ ಹೆಂಗಸಿಗೆ ಮಾತ್ರ ಗೌರವ ಸಿಗುತ್ತದೆ ಅಂತ ಯಾರೋ ನಾಯಕರು ಹೇಳಿ, ಕಾಲೇಜು ಹುಡುಗಿಯರು ಸಿಟ್ಟಾಗಿದ್ದರು. ಸೀರೆ ಮಾರುವವರೇ ಆ ಮಾತನ್ನು ಖಂಡಿಸಿದರೆ ಹೆಸರು ಬರುತ್ತದೆ ಅನ್ನುವುದು ಮಾಲೀಕರ ಲೆಕ್ಕಾಚಾರ.

ಬಂದು ಕೂತವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಯಜಮಾನರಿಗೆ ಹೇಳಿದರು: "ಹೆಣ್ಣುಮಕ್ಕಳ ಗೌರವದ ವಿಷಯ ಸಾರ್. ಅನುಭವ ಇರೋ ಗಂಡಸರು ಬರೆದ್ರೆ ತೂಕ ಇರ್ತದೆ. ಮೇಡಮ್ಮು ಕಾಫಿ ತರಲಿ, ನಾವಿಬ್ರೂ ಮಾತಾಡೋಣ."

ನನಗೆ ಕಿವಿ ಬಿಸಿಯಾಯಿತು. ಡಿಸೈನರ್ ಹುಡುಗಿ ಕಂಪ್ಯೂಟರ್ ಪರದೆಯ ಹಿಂದೆ ಪೂರ್ತಿ ಇಳಿದುಹೋದಳು. ಯಜಮಾನರು ಎದ್ದು, ಒಳಗೆ ಹೋಗಿ ಸ್ಟವ್ ಹಚ್ಚಿದರು. ಮಾಲೀಕರಿಗೆ ಈಗ ನನ್ನನ್ನು ಬಿಟ್ಟು ನೋಡಲು ಗೋಡೆಯೊಂದೇ ಇತ್ತು. ಸ್ವಲ್ಪ ಹೊತ್ತು ಗೋಡೆಯನ್ನೇ ನೋಡಿದರು. ವಿಷಯ ಫೋನಿನಲ್ಲಿ ಮೊದಲೇ ತಿಳಿದಿದ್ದರಿಂದ ನಾನು ಬರೆದಿಟ್ಟಿದ್ದನ್ನು ಓದಿದೆ: 'ಸೀರೆ ನಮ್ಮಲ್ಲಿ ಕೊಳ್ಳಿ. ಗೌರವ ಮೊದಲಿಂದಲೂ ನಿಮ್ಮದೇ.'

ಅವರು ಇನ್ನೊಮ್ಮೆ ಓದಿಸಿದರು. ಮೂರನೇ ಸಲ ತಾವೇ ಓದಿಕೊಂಡರು. ಬಹಳ ಚೆನ್ನಾಗಿದೆ, ಸಾರ್ ಯಾವಾಗ ಬರೆದರು ಅಂತ ಕೇಳಿದರು. ಬರೆದದ್ದು ನಾನು ಅಂದೆ. ಅದು ಒಳಗಿಳಿಯಲು ಸಮಯ ಹಿಡಿಯಿತು. ಅಷ್ಟರಲ್ಲಿ ಯಜಮಾನರು ತಟ್ಟೆಯಲ್ಲಿ ಮೂರು ಲೋಟ ಇಟ್ಟುಕೊಂಡು ಬಂದು ಒಂದನ್ನು ಅವರ ಕೈಗೆ ಕೊಟ್ಟರು. ಮಾಲೀಕರು ಒಂದು ಗುಟುಕು ಕುಡಿದರು, ಮುಖ ಅರಳಿತು, ನನ್ನ ಕಡೆ ತಿರುಗಿ ಮನಸಾರೆ ಹೇಳಿದರು:

"ಕಾಫಿ ಫಸ್ಟ್ ಕ್ಲಾಸ್ ಆಗಿದೆ ಮೇಡಮ್."

ಯಜಮಾನರು "ಥ್ಯಾಂಕ್ಸ್" ಅಂದರು.

ಮುಲಾಮು

ಇಷ್ಟೆಲ್ಲ ನಾಯಕರನ್ನು ಅಣಕಿಸಿದರೂ ಅವರಲ್ಲಿ ಯಾರನ್ನೂ ನಾನು ಕಣ್ಣಾರೆ ನೋಡಿರಲಿಲ್ಲ. ಆ ಯೋಗವೂ ಬಂತು.

ಒಂದು ಸ್ವಸಹಾಯ ಸಂಘದ ಹೆಂಗಸರ ಸಮಾರಂಭದಲ್ಲಿ ನಾಯಕರೊಬ್ಬರು, ಹೆಂಗಸರ ಕೈಗೆ ಮೈಕ್ ಕೊಟ್ಟರೆ ವಾಪಸ್ ಬರುವುದಿಲ್ಲ ಅಂದು ನಕ್ಕಿದ್ದರು. ಹಾಗೆ ಹೇಳುವ ಹೊತ್ತಿಗೆ ಅವರು ಮೈಕ್ ಹಿಡಿದು ಒಂದು ಗಂಟೆ ಆಗಿತ್ತು. ಸಂಘದ ಅಧ್ಯಕ್ಷೆಗೆ ವಂದನಾರ್ಪಣೆಗೂ ಅದು ಸಿಗಲಿಲ್ಲ. ಆ ಸಮಾರಂಭಕ್ಕೆ ಮೈಕ್ ಸೆಟ್ ಹಾಕಿದ್ದವರು ನಮ್ಮ ಗಿರಾಕಿ. ಅವರ ಗಾಡಿಯ ಮೇಲೆ ಬರೆಸಲು ನಾನು ಕೊಟ್ಟ ಸಾಲು ಇದು: 'ನಮ್ಮ ಮೈಕ್ ಯಾರ ಕೈಗೆ ಕೊಟ್ಟರೂ ಕೇಳಿಸುತ್ತದೆ. ಕೇಳಿಸಿಕೊಳ್ಳುವುದು ನಾಯಕರಿಗೆ ಬಿಟ್ಟದ್ದು.' ಆ ಗಾಡಿ ಮದುವೆ, ನಾಮಕರಣ ಅಂತ ಊರೆಲ್ಲ ತಿರುಗಿತು. ಸಂಘದವರು ಮುಂದಿನ ಸಮಾರಂಭಕ್ಕೆ ನಾಯಕರನ್ನು ಕರೆಯುವುದಿಲ್ಲ ಅಂತ ತೀರ್ಮಾನ ಮಾಡಿದರು. ಸಂಘದಲ್ಲಿ ಇದ್ದವರೆಲ್ಲ ಅವರ ಕ್ಷೇತ್ರದ ಓಟು.

ಹೀಗಿರುವಾಗ ಒಂದು ಬೆಳಿಗ್ಗೆ ನಾಯಕರೇ ನಮ್ಮ ಮೆಟ್ಟಿಲು ಹತ್ತಿ ಬಂದರು. ಜೊತೆಗೆ ಫೈಲು ಹಿಡಿದ ಆಪ್ತ ಸಹಾಯಕ. ಯಜಮಾನರು ಬೆಚ್ಚಿ ಎದ್ದು ನಿಂತರು. ನಾಯಕರು ಕೂತು, ಬೆವರು ಒರೆಸಿಕೊಂಡು, ನನಗೇ ಹೇಳಿದರು: "ಏಟು ಕೊಟ್ಟೋರು ನೀವೇ ಅಂತೆ. ಮುಲಾಮೂ ನೀವೇ ಹಚ್ಚಿ ಕಣಮ್ಮ."

ಹೆಂಗಸರ ಕ್ಷಮೆ ಕೇಳುವ ಒಂದು ಫ್ಲೆಕ್ಸ್ ಬೇಕಿತ್ತು. ಸುಲಭದ ಕೆಲಸ ಅಂದುಕೊಂಡು ನಾನು 'ತಪ್ಪಾಯಿತು' ಅಂತ ಬರೆದು ತೋರಿಸಿದೆ. ನಾಯಕರು ಅದನ್ನು ಚೇಳು ನೋಡಿದಂತೆ ನೋಡಿದರು. ಅಷ್ಟು ನೇರವಾಗಿ ಬೇಡ ಅಂದರು. ಸಹಾಯಕರು 'ತಪ್ಪಾಗಿ ಅರ್ಥೈಸಲಾಗಿದೆ' ಅಂತ ಹಾಕಿ ಅಂದರು. ಹಾಗಾದರೆ ತಪ್ಪು ಹೆಂಗಸರದೇ ಆಗುತ್ತದಲ್ಲ ಅಂದೆ. 'ಯಾರ ಮನಸ್ಸಿಗಾದರೂ ನೋವಾಗಿದ್ದರೆ' ಅನ್ನುವುದು ಬಂತು. ನೋವಾಗಿರುವುದಕ್ಕೇ ತಾನೇ ನೀವು ಬಂದಿರುವುದು, 'ದ್ದರೆ' ಯಾಕೆ ಅಂದೆ. 'ವಿಷಾದ' ಬಂತು, 'ವ್ಯಥೆ' ಬಂತು. ಒಂದು ಗಂಟೆ ಕಳೆಯಿತು, ಎರಡು ಸಲ ಕಾಫಿ ಆಯಿತು. ನಾಯಕರು ಕೆಟ್ಟವರೇನೂ ಅಲ್ಲ. ತಪ್ಪು ಅನ್ನುವ ಪದ ಹತ್ತಿರ ಬಂದಾಗ ಮಾತ್ರ ಹಿಂದೆ ಸರಿಯುತ್ತಿದ್ದರು. ಮೂವತ್ತು ವರ್ಷದ ಸಾರ್ವಜನಿಕ ಜೀವನದಲ್ಲಿ ಆ ಪದ ನನ್ನ ಬಾಯಲ್ಲಿ ಬಂದೇ ಇಲ್ಲ ಕಣಮ್ಮ, ಹೊರಡೋದಿಲ್ಲ, ಏನು ಮಾಡಲಿ ಅಂದರು.

ಆಗ ಅವರ ಫೋನ್ ಹೊಡೆದುಕೊಂಡಿತು. ಹೆಸರು ನೋಡಿದವರೇ ಎದ್ದು ನಿಂತರು, ಮನೆಯವರ ಫೋನು. ಅತ್ತೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರಕೊಂಡು ಹೋಗುವುದಾಗಿ ಮಾತು ಕೊಟ್ಟಿದ್ದರಂತೆ. ಅತ್ತೆ ಬೆಳಿಗ್ಗೆಯಿಂದ ರೆಡಿಯಾಗಿ ಜಗಲಿಯಲ್ಲಿ ಕೂತಿದ್ದಾರೆ ಅನ್ನುವುದು ಫೋನಿನಿಂದ ನಮಗೂ ಸ್ಪಷ್ಟವಾಗಿ ಕೇಳಿಸಿತು. ನಾಯಕರು ಗೋಡೆಯ ಕಡೆ ತಿರುಗಿ, ತಲೆ ತಗ್ಗಿಸಿ, ಎಲ್ಲೂ ತಡವರಿಸದೆ ಹೇಳಿದರು:

"ತಪ್ಪಾಯ್ತು. ನಂದೇ ತಪ್ಪು. ನೀನು ಹೇಳ್ದಾಗ ನಾನು ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ. ಇನ್ನೊಂದ್ಸಲ ಹಿಂಗಾಗಲ್ಲ."

ನನಗೆ ಹಳೆಯ ಟೈಪಿಂಗ್ ಚಾಳಿ, ಕಿವಿಗೆ ಬಿದ್ದದ್ದನ್ನು ಕೈ ತಾನಾಗಿ ಬರೆದುಕೊಳ್ಳುತ್ತದೆ. ಅವರು ಬಂದು ಕೂತು, ಎಲ್ಲಿಗೆ ನಿಲ್ಲಿಸಿದ್ವಿ ಅಂದರು. ನಾನು ಹಾಳೆಯನ್ನು ಅವರ ಮುಂದಿಟ್ಟೆ. ಓದಿದರು. ಸಹಾಯಕರು ಫ್ಯಾನಿನ ಕಡೆ ನೋಡತೊಡಗಿದರು. ಯಜಮಾನರು ಲೋಟ ಎತ್ತಿಕೊಂಡು ಒಳಗೆ ಹೋಗಿಬಿಟ್ಟರು. ನಾಯಕರ ಮುಖ ಮೊದಲು ಕೆಂಪಾಯಿತು, ಆಮೇಲೆ ನಿಧಾನವಾಗಿ ಸಡಿಲವಾಯಿತು.

"ಇದನ್ನೇ ಹಾಕ್ಬುಡಿ" ಅಂದರು.

ಕೈಮುಗಿದ ಫೋಟೋದ ಜೊತೆ ಆ ನಾಲ್ಕು ಸಾಲು ಹಾಗೇ ಹೋಯಿತು. 'ನೀನು' ಇದ್ದ ಕಡೆ 'ನೀವು' ಮಾಡಿದ್ದಷ್ಟೇ ನನ್ನ ಕೆಲಸ. ಸಂಘದ ಹೆಂಗಸರು ಬಂದು ಓದಿದರು, ನಕ್ಕರು, ನಾಯಕರನ್ನು ಮತ್ತೆ ಕರೆದರು. ಮೈಕ್ ಮಾತ್ರ ಕೊನೆಯವರೆಗೂ ಅಧ್ಯಕ್ಷೆಯ ಕೈಯಲ್ಲೇ ಇತ್ತಂತೆ.

ಎರಡು ದಿನ ಬಿಟ್ಟು ಆಫೀಸಿಗೆ ಒಂದು ಫೋನ್ ಬಂತು. ಹೆಂಗಸಿನ ಧ್ವನಿ, ಬಹಳ ಮರ್ಯಾದೆಯ ಮಾತು. ನಾನು ಆ ನಾಯಕರ ಮನೆಯವಳು, ಫ್ಲೆಕ್ಸ್ ನೋಡಿದೆ, ತುಂಬಾ ಚೆನ್ನಾಗಿ ಬಂದಿದೆ ಅಂದರು. ಥ್ಯಾಂಕ್ಸ್ ಹೇಳಿದೆ. ಅವರು ಸ್ವಲ್ಪ ಸಂಕೋಚದಿಂದ ಕೇಳಿದರು:

"ಅದನ್ನೇ ಚಿಕ್ಕದಾಗಿ ಇನ್ನೊಂದು ಮಾಡಿಕೊಡೋಕಾಗುತ್ತಾ ಮೇಡಮ್? ಫ್ರಿಡ್ಜ್ ಬಾಗಿಲಿಗೆ ಅಂಟಿಸೋ ಸೈಜಲ್ಲಿ. ಅವರಿಗೆ ದಿನಾ ಬೇಕಾಗ್ತದೆ."